ಟೆಲೆಕ್ಸ್ ಮೇಡಂ ಅವರ ಖಾಲಿ ಫೈಲು

ಹೋದ ವಾರ ನಮ್ಮ ಆಫೀಸಿಗೆ ಹೊಸ ಸರ್ವರ್ ಕೂರಿಸಲು ಇಬ್ಬರು ಇಂಜಿನಿಯರುಗಳು ಬಂದಿದ್ದರು. ಹಳೆಯ ಯಂತ್ರದಲ್ಲಿದ್ದುದನ್ನೆಲ್ಲ ಜಾಲಾಡುತ್ತ ಕೂತವರು ಒಂದು ಕಡೆ ಬಂದು ನಿಂತುಬಿಟ್ಟರು. ಬೆಳೆಗಾರರ ಕಾಫಿ ತಂದು ಸೇರಿಸುವ ನಮ್ಮ ಪ್ರತಿಯೊಂದು ಡಿಪೋದಿಂದಲೂ ದಿನಾ ಸಂಜೆ ಎರಡು ಫೈಲು ಬರುತ್ತವೆ. ಒಂದರಲ್ಲಿ ಅವತ್ತು ಲಾರಿಗೆ ಹಾಕಿದ ಕಾಫಿ ಮೂಟೆಗಳ ಪಟ್ಟಿ ಇರುತ್ತದೆ. ಇನ್ನೊಂದರ ಹೆಸರು ‘ಮುಗೀತು’ ಎಂದು. ಅದರೊಳಗೆ ಒಂದಕ್ಷರವೂ ಇರುವುದಿಲ್ಲ. ಇದ್ಯಾಕೆ ಸಾರ್, ತೆಗೆದುಬಿಡೋಣವಾ ಎಂದು ಅವರು ಕೇಳಿದರು. ಮುಟ್ಟಬೇಡಿ ಎಂದೆ. ದನಿ ಸ್ವಲ್ಪ ಜೋರಾಗಿಯೇ ಬಂತೇನೋ, ಇಬ್ಬರೂ ಕೀಬೋರ್ಡಿನಿಂದ ಕೈ ಎತ್ತಿ ನನ್ನ ಮುಖ ನೋಡಿದರು. ಆ ಖಾಲಿ ಫೈಲನ್ನು ಇಡಿಸಿದವರು ತೀರಿಕೊಂಡು ಇನ್ನೂ ತಿಂಗಳಾಗಿಲ್ಲ ಎಂದು ಅವರಿಗೆ ಹೇಗೆ ಗೊತ್ತಾಗಬೇಕು.

ನಮ್ಮದು ಚಿಕ್ಕಮಗಳೂರಿನ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್. ತೋಟದವರು ಹಣ್ಣಿನ ಸಿಪ್ಪೆ ಬಿಡಿಸಿ, ತೊಳೆದು, ಒಣಗಿಸಿ ಕಳಿಸುವ ಕಾಫಿಗೆ ಪಾರ್ಚ್‌ಮೆಂಟ್ ಎನ್ನುತ್ತೇವೆ. ಅದರ ಹೊಟ್ಟು ತೆಗೆದು, ಗಾತ್ರ ನೋಡಿ ಬೀಜ ವಿಂಗಡಿಸಿ ಕೊಡುವುದು ನಮ್ಮ ಕೆಲಸ. ತೊಂಬತ್ತರ ದಶಕದ ಕೊನೆಯಲ್ಲಿ ನಾನು ಗೋಣಿಬೀಡಿನಿಂದ ಬಂದು ಇಲ್ಲಿಗೆ ಸೇರಿದೆ. ಆರು ತಿಂಗಳ ಕಂಪ್ಯೂಟರ್ ಕೋರ್ಸು ಮುಗಿಸಿದ್ದೆ, ಜಗತ್ತಿನಲ್ಲಿ ಇನ್ನು ಕಲಿಯುವುದು ಏನೂ ಉಳಿದಿಲ್ಲ ಎಂಬಂತೆ ನಡೆಯುತ್ತಿದ್ದೆ. ಕಂಪ್ಯೂಟರ್ ಇಟ್ಟಿದ್ದ ಕೋಣೆಯಲ್ಲಿ ನನಗಿಂತ ಮೊದಲೇ ಒಬ್ಬರು ಕೂತಿದ್ದರು. ಐವತ್ತರ ಹತ್ತಿರದ ಹೆಂಗಸು. ಪಕ್ಕದಲ್ಲಿ ಬಟ್ಟೆ ಹೊದಿಸಿದ ಹಳೆಯ ಟೆಲೆಕ್ಸ್ ಯಂತ್ರ. ಯಂತ್ರ ಸತ್ತು ಎರಡು ವರ್ಷವಾಗಿದ್ದರೂ ಅದರ ಧೂಳು ಒರೆಸದೆ ಅವರು ಕೆಲಸ ಶುರು ಮಾಡುತ್ತಿರಲಿಲ್ಲ. ಆಫೀಸಿನಲ್ಲಿ ಎಲ್ಲರಿಗೂ ಅವರು ಟೆಲೆಕ್ಸ್ ಮೇಡಂ. ನಾನೂ ಹಾಗೇ ಕರೆದೆ, ಇಲ್ಲಿಯೂ ಹಾಗೇ ಕರೆಯುತ್ತೇನೆ.

ವಸ್ತಾರೆಯಲ್ಲಿ ತಮ್ಮನ ಸಂಸಾರದ ಜೊತೆ ಅವರ ವಾಸ. ಬೆಳಿಗ್ಗೆ ಬಸ್ಸಿಳಿದು ಬರುವಾಗ ಕೈಚೀಲದಲ್ಲಿ ಮನೆಯಿಂದ ತಂದ ಡಿಕಾಕ್ಷನ್ ಶೀಷೆ ಇರುತ್ತಿತ್ತು. ಆಫೀಸಿನ ಕಾಫಿಯನ್ನು ಅವರು ಬಾಯಿಗೆ ಹಾಕಿದ್ದನ್ನು ನಾನು ಕಾಣೆ. ಊರಿಗೆಲ್ಲ ಕಾಫಿ ಕೊಡುವ ಜಾಗದಲ್ಲಿ ಕಾಫಿ ತೊಳೆದ ನೀರು ಕುಡಿಯಬೇಕಾ ಎಂದು ಮ್ಯಾನೇಜರ ಎದುರಿಗೇ ಕೇಳಿದ್ದರು. ಡಿಕಾಕ್ಷನ್ ತೆಳ್ಳಗಾದರೆ ಮಾತ್ರ ಅವರಿಗೆ ಸಿಟ್ಟು ಬರುತ್ತಿತ್ತು. ಉಳಿದದ್ದಕ್ಕೆಲ್ಲ ಅವರಲ್ಲಿ ತಾಳ್ಮೆ ಇತ್ತು, ಅದೂ ಎದುರಿಗಿದ್ದವರ ತಾಳ್ಮೆ ಕೆಡಿಸುವಷ್ಟು.

ಯಾರಾದರೂ ಮಾತಾಡಿ ನಿಲ್ಲಿಸಿದರೆ ಅವರು ಕೂಡಲೇ ಉತ್ತರ ಕೊಡುತ್ತಿರಲಿಲ್ಲ. ತುಟಿ ಸಣ್ಣಗೆ ಅಲ್ಲಾಡುತ್ತಿತ್ತು. ಮೊದಲು ನಾನು ಯಾವುದೋ ಜಪ ಎಂದುಕೊಂಡಿದ್ದೆ. ಆಮೇಲೆ ಗೊತ್ತಾಯಿತು, ಅವರು ಮನಸ್ಸಿನಲ್ಲಿ ಮೂರು ಎಣಿಸುತ್ತಿದ್ದರು. ಆ ಮೂರರೊಳಗೆ ಎದುರಿನವರು ಇನ್ನೇನಾದರೂ ಸೇರಿಸಿದರೆ ಎಣಿಕೆ ಮತ್ತೆ ಒಂದರಿಂದ. ಫೋನಿನಲ್ಲೂ ಹಾಗೆಯೇ. ತಾವಾಗಿ ಮೊದಲು ರಿಸೀವರ್ ಇಟ್ಟದ್ದೇ ಇಲ್ಲ. ಹೊಸದಾಗಿ ಬಂದ ಮ್ಯಾನೇಜರೊಬ್ಬರು ಇವರಿಗೆ ಕಿವಿ ಮಂದ ಎಂದು ತಿಳಿದು ಒಂದು ವಾರ ಕೂಗಿ ಮಾತಾಡಿದ್ದರು. ಮೇಡಂ ಅದನ್ನೂ ಪೂರ್ತಿಯಾಗಿ ಕೇಳಿಸಿಕೊಂಡರು.

ಈ ಅಭ್ಯಾಸ ಬಂದದ್ದು ಟೆಲೆಕ್ಸಿನಿಂದ. ಈಗಿನವರಿಗೆ ಆ ಯಂತ್ರ ಗೊತ್ತಿರಲಿಕ್ಕಿಲ್ಲ. ಇಲ್ಲಿ ಟೈಪು ಮಾಡಿದ್ದು ತಂತಿಯ ಮೇಲೆ ಹೋಗಿ ಮಂಗಳೂರಿನಲ್ಲೋ ಬೆಂಗಳೂರಿನಲ್ಲೋ ಇನ್ನೊಂದು ಯಂತ್ರದ ಕಾಗದದ ಮೇಲೆ ತಾನಾಗಿ ಅಚ್ಚಾಗುತ್ತಿತ್ತು. ಸುದ್ದಿ ಶುರುವಾಗುವಾಗ ಒಂದು ಸಲ, ಮುಗಿದಾಗ ಇನ್ನೊಂದು ಸಲ ಎರಡೂ ಯಂತ್ರಗಳು ತಮ್ಮ ಗುರುತು ಹೇಳಿಕೊಳ್ಳುತ್ತಿದ್ದವು. ಕೊನೆಯ ಗುರುತು ಬಂದರೆ ನಡುವೆ ಲೈನು ಕಡಿದಿಲ್ಲ, ಸುದ್ದಿ ಪೂರಾ ಬಂದಿದೆ ಎಂದರ್ಥ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಮೇಡಂ ಈ ಗುರುತು ಬರುವ ಮೊದಲೇ ಕಾಗದ ಹರಿದು ಮ್ಯಾನೇಜರಿಗೆ ಕೊಟ್ಟಿದ್ದರಂತೆ. ಲೋಡು ಕಳಿಸಿ ಎಂದಿತ್ತು, ಕಳಿಸಿದರು. ಗುರುವಾರದ ನಂತರ ಎಂಬ ಕೊನೆಯ ಸಾಲು ಯಂತ್ರದಲ್ಲೇ ಉಳಿದಿತ್ತು. ನಾಲ್ಕು ಲಾರಿ ಮಂಗಳೂರಿನ ಬಂದರಿನ ಹೊರಗೆ ಮೂರು ದಿನ ನಿಂತವು. ತಮ್ಮ ಈ ತಪ್ಪನ್ನು ಅವರು ಹೊಸಬರಿಗೆಲ್ಲ ನಗುತ್ತ ಹೇಳುತ್ತಿದ್ದರು, ಕೊನೆಗೆ ಒಂದು ಮಾತು ಸೇರಿಸುತ್ತಿದ್ದರು: “ಪೂರಾ ಬರ್ಲಿ ಮಾರಾಯ, ಆಮೇಲೆ ಹರಿ.”

ಎರಡು ಸಾವಿರದ ಆಚೆಗೆ ಮೂಡಿಗೆರೆ, ಗೋಣಿಬೀಡು, ಕಳಸದ ಡಿಪೋಗಳಿಗೆ ಕಂಪ್ಯೂಟರ್ ಬಂತು. ಅಲ್ಲಿಯವರೆಗೆ ಡಿಪೋದವರು ಸಂಜೆ ಫೋನು ಮಾಡಿ ಪಟ್ಟಿ ಓದುವುದು, ಮೇಡಂ ಬರೆದುಕೊಳ್ಳುವುದು, ಚೀಟಿ ಟೈಪು ಮಾಡಿ ಗೋಡೌನಿಗೆ ಕೊಟ್ಟುಬರುವುದು ನಡೆದಿತ್ತು. ಮರುದಿನ ಲಾರಿ ಬಂದಾಗ ಗೋಡೌನಿನ ಮೇಸ್ತ್ರಿ ಆ ಚೀಟಿ ನೋಡಿ ಮೂಟೆ ಇಳಿಸುತ್ತಿದ್ದ. ಈಗ ಡಿಪೋದವರು ಪಟ್ಟಿಯನ್ನು ಫೋನ್ ಲೈನಿನ ಮೇಲೆ ನಮ್ಮ ಸರ್ವರಿಗೇ ಕಳಿಸತೊಡಗಿದರು. ನಾನು ಒಂದು ಪುಟ್ಟ ಪ್ರೋಗ್ರಾಮ್ ಬರೆದೆ. ಅದು ನಿಮಿಷಕ್ಕೊಮ್ಮೆ ಡಿಪೋಗಳ ಫೋಲ್ಡರು ನೋಡುತ್ತದೆ. ಯಾವುದಾದರೂ ಫೈಲು ಹೊಸದಾಗಿ ಬಂದಿದ್ದರೆ, ಬದಲಾಗಿದ್ದರೆ, ತಾನೇ ಎದ್ದು ಪಟ್ಟಿ ಓದಿ ಗೋಡೌನಿನ ಪ್ರಿಂಟರಿನಲ್ಲಿ ಚೀಟಿ ಅಚ್ಚು ಹಾಕುತ್ತದೆ. ನಡುವೆ ಮನುಷ್ಯರೇ ಬೇಡ. ಮೊದಲ ದಿನ ಕರ್ರ್ ಎಂದು ಚೀಟಿ ಹೊರಬಂದಾಗ ಮೇಸ್ತ್ರಿ ಅದಕ್ಕೆ ಕೈಮುಗಿದ. ನನಗೆ ಎರಡು ಕೊಂಬು ಮೂಡಿದವು.

ಮೇಡಂ ಮಾತ್ರ ಎಲ್ಲ ನೋಡಿ, ಮೂರು ಎಣಿಸಿ, ಒಂದೇ ಪ್ರಶ್ನೆ ಕೇಳಿದರು. ಫೈಲು ಪೂರಾ ಬಂತು ಅಂತ ಅದಕ್ಕೆ ಹೇಗೆ ಗೊತ್ತಾಗುತ್ತದೆ? ನಾನು ನಕ್ಕುಬಿಟ್ಟೆ. ಇದು ಟೆಲೆಕ್ಸ್ ಅಲ್ಲ ಮೇಡಂ, ಕಂಪ್ಯೂಟರ್ ಎಂದೆ. ಅವರು ಸುಮ್ಮನಾದರು. ನಾನು ಗೆದ್ದೆ ಎಂದುಕೊಂಡೆ.

ಒಂದು ತೊಂದರೆ ಬೇಗನೆ ಕಾಣಿಸಿತು. ಕಳಸ ಡಿಪೋದಲ್ಲಿ ಲೆಕ್ಕ ಬರೆಯುವ ರೈಟರಿಗೆ ಅನುಮಾನದ ಸ್ವಭಾವ. ಪಟ್ಟಿ ಕಳಿಸಿದ ಮೇಲೆ, ಹೋಯಿತೋ ಇಲ್ಲವೋ ಎಂದು ಮತ್ತೆ ತೆರೆದು ನೋಡಿ, ಸೇವ್ ಒತ್ತಿ, ಇರಲಿ ಅಂತ ಇನ್ನೊಂದು ಸಲ ಕಳಿಸುವರು. ಒಮ್ಮೊಮ್ಮೆ ಮೂರು ಸಲ. ಪ್ರತಿ ಸಲವೂ ಫೈಲು ಬದಲಾಯಿತೆಂದು ನನ್ನ ಪ್ರೋಗ್ರಾಮ್ ಎದ್ದು ಚೀಟಿ ಅಚ್ಚು ಹಾಕುವುದು, ಒಂದೇ ಮೂಟೆಗೆ ಮೂರು ಚೀಟಿ ನೋಡಿ ಮೇಸ್ತ್ರಿ ತಲೆ ಕೆರೆದುಕೊಳ್ಳುವುದು. ನಾನು ಅದಕ್ಕೂ ಮದ್ದು ಹುಡುಕಿದೆ. ಒಂದು ಸಲ ಓದಿದ ಪಟ್ಟಿಯನ್ನು ಅವತ್ತು ಮತ್ತೆ ನೋಡಬಾರದು ಎಂದು ಪ್ರೋಗ್ರಾಮಿಗೆ ಹೇಳಿಟ್ಟೆ. ಚೀಟಿಗಳ ಕಾಟ ನಿಂತಿತು. ಎಲ್ಲರೂ ಭೇಷ್ ಎಂದರು.

ಆ ವರ್ಷ ಜನವರಿಯಲ್ಲಿ ಒಬ್ಬ ಬೆಳೆಗಾರರು ಆಫೀಸಿಗೆ ಬಂದಿದ್ದರು. ಕಳಸದಿಂದ ಹೊರನಾಡಿಗೆ ಹೋಗುವ ದಾರಿಯಲ್ಲಿ ಐದೆಕರೆ ತೋಟ. ಅಂಥ ಸಣ್ಣವರ ಕಾಫಿಯೆಲ್ಲ ನಮ್ಮಲ್ಲಿ ಒಂದೇ ರಾಶಿಗೆ ಸೇರುತ್ತದೆ, ಅದಕ್ಕೆ ಪೂಲ್ ಎನ್ನುತ್ತೇವೆ. ಬೇರೆಯಾಗಿ ನಿಲ್ಲುವುದು ದೊಡ್ಡ ಎಸ್ಟೇಟುಗಳ ಕಾಫಿ ಮಾತ್ರ. ವರ್ಷಕ್ಕೊಮ್ಮೆ ಹೊರಗಿನಿಂದ ರುಚಿ ನೋಡುವ ಪರಿಣತರು ಬಂದು ಬೇರೆ ನಿಂತ ಕಾಫಿಗಳನ್ನು ಕುಡಿದು ನೋಡಿ ಬರೆದುಕೊಡುತ್ತಿದ್ದರು. ಈ ಬೆಳೆಗಾರರು ಸುತ್ತಿ ಬಳಸಿ ಮಾತಾಡುವವರು. ಗೊಬ್ಬರ, ನೆರಳಿನ ಮರ, ಹೆಂಡತಿಯ ತವರು ಎಲ್ಲ ಬಂತು. ಒಬ್ಬೊಬ್ಬರೇ ಕೆಲಸದ ನೆಪದಲ್ಲಿ ಎದ್ದುಹೋದರು. ಮೇಡಂ ಮುಕ್ಕಾಲು ಗಂಟೆ ಕೂತು ಕೇಳಿದರು. ಕೊನೆಗೆ ಬೆಳೆಗಾರರ ಬಾಯಿಂದ ಬಂದ ಮಾತು ನನಗೂ ಕೇಳಿಸಿತು.

“ಮೂವತ್ತು ವರ್ಷದಿಂದ ಬೆಳೀತಿದೀನಿ ಮೇಡಂ. ನನ್ನ ಕಾಫಿ ಹೇಗಿದೆ ಅಂತ ಇವತ್ತಿನವರೆಗೆ ಯಾರೂ ಹೇಳಿಲ್ಲ. ಚೆನ್ನಾಗಿಲ್ಲ ಅಂದ್ರೂ ಅಡ್ಡಿಲ್ಲ, ನಂದು ಅಂತ ಗುರ್ತಿಸಿ ಹೇಳ್ಲಿ.”

ಮೇಡಂ ಆ ಬೆಳೆಗಾರರ ಹನ್ನೆರಡು ಮೂಟೆಯನ್ನು ಬೇರೆ ಇಡಲು ಅನುಮತಿ ಕೊಡಿಸಿದರು. ಪಟ್ಟಿಯಲ್ಲಿ ಅವರ ಹೆಸರಿನ ಸಾಲಿನ ತುದಿಗೆ ‘ಬೇರೆ’ ಎಂದು ಬರೆಯಬೇಕು, ಅಷ್ಟೇ. ಏನೂ ಬರೆಯದಿದ್ದರೆ ಪೂಲ್ ಎಂದು ನನ್ನ ಪ್ರೋಗ್ರಾಮಿನ ಲೆಕ್ಕ.

ಮಾರ್ಚಿನ ಒಂದು ಸಂಜೆ ಕಳಸದ ಪಟ್ಟಿ ಬರುತ್ತಿದ್ದಾಗ ಲೈನು ಕಡಿಯಿತು. ಫೈಲು ತುದಿ ಮುಟ್ಟದೆ ನಿಂತಿತು, ಸರಿಯಾಗಿ ಕೊನೆಯಲ್ಲಿದ್ದ ಆ ಬೆಳೆಗಾರರ ಸಾಲಿನಲ್ಲಿ. ಹೆಸರು ಬಂದಿತ್ತು, ಮೂಟೆ ಹನ್ನೆರಡು ಎಂದು ಬಂದಿತ್ತು, ‘ಬೇರೆ’ ಬಂದಿರಲಿಲ್ಲ. ಫೈಲು ಬದಲಾಯಿತೆಂದು ನನ್ನ ಪ್ರೋಗ್ರಾಮ್ ಎದ್ದಿತು, ಓದಿತು, ಪೂಲ್ ಎಂದು ಚೀಟಿ ಹಾಕಿತು. ಐದು ನಿಮಿಷದಲ್ಲಿ ಡಿಪೋದ ರೈಟರ್ ಮತ್ತೆ ಲೈನು ಹಿಡಿದು ಇಡೀ ಪಟ್ಟಿ ಕಳಿಸಿದ್ದರು. ಆದರೆ ಒಂದು ಸಲ ಓದಿದ್ದನ್ನು ಮತ್ತೆ ನೋಡಬಾರದೆಂದು ಬುದ್ಧಿ ಹೇಳಿಕೊಟ್ಟವನು ನಾನೇ ಅಲ್ಲವೇ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ್ದೆ, ಕೂಸು ಬಂದಾಗ ಬಾಗಿಲು ಹಾಕಿದ್ದೆ.

ಚೀಟಿಗಳನ್ನು ಪಟ್ಟಿಯ ಜೊತೆ ಹೋಲಿಸಿ ನೋಡುವ ಹಳೆಯ ಅಭ್ಯಾಸವನ್ನು ಮೇಡಂ ಬಿಟ್ಟಿರಲಿಲ್ಲ. ಮರುದಿನ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಅವರ ಬೆರಳು ಆ ಸಾಲಿನ ಮೇಲೆ ನಿಂತಿತು. ಎದ್ದವರೇ ಗೋಡೌನಿಗೆ ಓಡಿದರು. ಅವರು ಓಡಿದ್ದನ್ನು ಆಫೀಸು ಕಂಡದ್ದು ಅದೊಂದೇ ದಿನ. ನಾನು ಹಿಂದೆಯೇ ಹೋದೆ. ಹನ್ನೆರಡು ಖಾಲಿ ಗೋಣಿಚೀಲ ಮಡಿಸಿ ಇಟ್ಟಿದ್ದರು. ಚೀಲಗಳ ಮೇಲೆ ಆ ಬೆಳೆಗಾರರ ಹೆಸರು ಬಣ್ಣದಲ್ಲಿ ಬರೆದಿತ್ತು, ಆದರೆ ಚೀಟಿ ಪೂಲ್ ಎಂದ ಮೇಲೆ ಮೇಸ್ತ್ರಿ ಚೀಲ ಯಾಕೆ ಓದುತ್ತಾನೆ. ಕಾಫಿ ರಾಶಿಯೊಳಗೆ ಹೋಗಿತ್ತು. ಬೆರೆತ ಕಾಫಿಯನ್ನು ಬಿಡಿಸಲು ಯಾವ ಯಂತ್ರವೂ ಇಲ್ಲ.

ಮ್ಯಾನೇಜರು ಕೆಟ್ಟವರಲ್ಲ, ಆದರೆ ಗಲಾಟೆ ಎಂದರೆ ಆಗದವರು. ರಾಶಿಯಿಂದಲೇ ಒಂದಿಷ್ಟು ತೆಗೆದು ಅವರ ಹೆಸರಿನಲ್ಲಿ ರುಚಿಗೆ ಕಳಿಸೋಣ, ಸಾಧಾರಣ ಎಂದು ಬರುತ್ತದೆ, ಮುಗಿಯಿತು, ಯಾರಿಗೆ ಗೊತ್ತಾಗಬೇಕು ಎಂದರು. ನನ್ನ ಮನಸ್ಸು ಹೌದು ಹೌದು ಎನ್ನುತ್ತಿತ್ತು, ಸುಳ್ಳು ಹೇಳುವುದಿಲ್ಲ. ಮೇಡಂ ಮೂರು ಎಣಿಸಿದರು.

“ಆಗಲ್ಲ ಸಾರ್. ಅವ್ರು ಕೇಳಿದ್ದು ಅದೊಂದೇ, ನಂದು ಅಂತ ಹೇಳಿ ಅಂತ. ಬೇರೆಯವರದ್ದು ಕುಡಿದು ಅವ್ರದ್ದು ಅಂತ ಹೇಳೋಕಾಗಲ್ಲ. ನಾವಿಬ್ರೂ ಹೋಗಿ ಹೇಳಿ ಬರ್ತೀವಿ.”

ತಪ್ಪು ನನ್ನದು, ಮೇಡಂ ಯಾಕೆ ಬರಬೇಕು ಎಂದೆ. ಅದಕ್ಕೆ ಮೇಡಂ, ನಾನು ಅವತ್ತು ಒಂದು ಪ್ರಶ್ನೆ ಕೇಳಿದ್ದೆ, ನೀನು ನಕ್ಕೆ, ಉತ್ತರ ಬರುವವರೆಗೆ ನಾನು ಕಾಯಬೇಕಿತ್ತು, ಕಾಯಲಿಲ್ಲ, ಅದು ನನ್ನ ಪಾಲು ಎಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಈ ಮಾತಿಗೆ ಕಣ್ಣಲ್ಲಿ ನೀರು ಬಂತು.

ಮರುದಿನ ಬೆಳಗಿನ ಬಸ್ಸಿಗೆ ಕಳಸಕ್ಕೆ ಹೋದೆವು. ಬ್ಲಾಸಮ್ ಮಳೆಯಾಗಿ ತೋಟಗಳೆಲ್ಲ ಬೆಳ್ಳಗೆ ಹೂವಾಗಿದ್ದವು, ಬಸ್ಸಿನೊಳಗೂ ಅದೇ ವಾಸನೆ. ನನಗೆ ಯಾವುದೂ ಸೇರಲಿಲ್ಲ. ದಾರಿಯುದ್ದಕ್ಕೂ ಹೇಗೆ ವಿವರಿಸಬೇಕೆಂದು ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತಿದ್ದೆ, ಸರ್ವರ್, ಲೈನು, ಪ್ರೋಗ್ರಾಮ್ ಎಂದು. ಮೇಡಂ ಕಿಟಕಿಗೆ ತಲೆ ಕೊಟ್ಟು ನಿದ್ದೆ ಮಾಡಿದರು.

ಬೆಳೆಗಾರರ ಮನೆಯಲ್ಲಿ, ಕಾಫಿ ಒಣಗಿಸುವ ಕಣದ ಪಕ್ಕದ ಜಗಲಿಯಲ್ಲಿ ನಮ್ಮನ್ನು ಕೂರಿಸಿ ಅವರ ಹೆಂಡತಿ ಕಾಫಿ ಕೊಟ್ಟರು. ನಮ್ಮ ಕಡೆ ಬೆಳೆದವರ ಮನೆಯಲ್ಲಿ ಒಳ್ಳೆಯ ಕಾಫಿ ಕುಡಿಯುವ ರೂಢಿ ಇಲ್ಲ. ಒಳ್ಳೆಯದೆಲ್ಲ ಲಾರಿಗೆ, ಆರಿಸಿ ಬಿಟ್ಟದ್ದು ಒಲೆಗೆ. ಇದೂ ಅದೇ ಕಾಫಿ. ಮೇಡಂ ಒಂದು ಹನಿ ಬಿಡದೆ ಕುಡಿದು, ಲೋಟ ಕೆಳಗಿಟ್ಟು, ನಾಲ್ಕೇ ಮಾತಿನಲ್ಲಿ ವಿಷಯ ಹೇಳಿದರು. ನಿಮ್ಮ ಕಾಫಿ ಪೂಲಿಗೆ ಬೆರೆತುಹೋಗಿದೆ, ತಪ್ಪು ನಮ್ಮದು, ಬಿಡಿಸಿ ಕೊಡಲು ಆಗುವುದಿಲ್ಲ.

ಬೆಳೆಗಾರರು ಮೊದಲು ನಂಬಲಿಲ್ಲ. ಆಮೇಲೆ ಶುರು ಮಾಡಿದರು. ಹಣ್ಣಾದದ್ದನ್ನಷ್ಟೇ ನೋಡಿ ಬಿಡಿಸಿದ್ದು, ಗಂಡ ಹೆಂಡತಿ ದಿನಾ ಕಣದಲ್ಲಿ ಕೈಯಾಡಿಸಿ ಒಣಗಿಸಿದ್ದು, ಕರಿಬೀಜ ಒಂದೊಂದೇ ಹೆಕ್ಕಿದ್ದು. ದನಿ ಏರಿತು. ದೊಡ್ಡವರ ಮೂಟೆಗೆ ಹೀಗಾಗುತ್ತಿತ್ತೇ ಎಂದು ಕೇಳಿದರು. ನಾನು ಬಾಯಿ ತೆರೆದೆ, ಲೈನು ಕಡಿದಾಗ ಫೈಲು ಎಂದು. ಮೇಡಂ ನನ್ನ ಮಣಿಕಟ್ಟು ಹಿಡಿದರು. ಗಟ್ಟಿಯಾಗಿಯೇ ಹಿಡಿದರು. ಬೆಳೆಗಾರರು ಹೇಳುವುದೆಲ್ಲ ಹೇಳಿ, ಕಣದ ಕಡೆ ಮುಖ ಮಾಡಿ ಸುಮ್ಮನಾದರು. ಇನ್ನು ಎದ್ದು ಕೈಮುಗಿದು ಹೊರಡುವುದೇ ಎಂದು ನಾನು ಚಪ್ಪಲಿ ನೋಡಿದೆ. ಮೇಡಂ ಏಳಲಿಲ್ಲ. ತುಟಿ ಅಲ್ಲಾಡುತ್ತಿತ್ತು. ಮೂರಾಯಿತು, ಹತ್ತಾಯಿತು, ಎಷ್ಟಾಯಿತೋ.

ಆಗ ಒಳಬಾಗಿಲ ಹತ್ತಿರ ನಿಂತಿದ್ದ ಹೆಂಡತಿ ಮಾತಾಡಿದರು, ಗಂಡನ ಮುಖ ನೋಡದೆ.

“ಒಂದು ಮೂಟೆ ಇದೆ ಮೇಡಂ, ಅಟ್ಟದ ಮೇಲೆ. ಇವ್ರಿಗೆ ಹೇಳಿರ್ಲಿಲ್ಲ, ಹೇಳಿದ್ರೆ ಅದನ್ನೂ ಲಾರಿಗೆ ಹಾಕ್ತಿದ್ರು. ಒಂದು ವರ್ಷನಾದ್ರೂ ನಮ್ ಕಾಫಿ ನಾವೇ ಕುಡಿಯಣ ಅಂತ ತೆಗೆದಿಟ್ಟಿದ್ದೆ.”

ಆ ಮೂಟೆಯನ್ನು ಸಂಜೆಯ ಬಸ್ಸಿಗೆ ನಾವು ತಂದೆವು. ಟಾಪಿಗೆ ಹಾಕಿ ಎಂದು ಕಂಡಕ್ಟರ್ ಎಷ್ಟು ಹೇಳಿದರೂ ಮೇಡಂ ಒಪ್ಪಲಿಲ್ಲ. ಕಾಲ ಬುಡದಲ್ಲಿ ಇಟ್ಟುಕೊಂಡು, ಅದರ ಮೇಲೆ ಒಂದು ಕೈ ಊರಿ ಕೂತರು. ಅರ್ಧ ದಾರಿಯಲ್ಲಿ, ಕೇಳದೆಯೇ, ನನ್ನ ಪ್ರೋಗ್ರಾಮಿಗೆ ಮದ್ದು ಹೇಳಿದರು.

“ಲಿಸ್ಟ್ ಪೂರಾ ಕಳಿಸಿ ಆದ್ಮೇಲೆ ಅವ್ರು ಇನ್ನೊಂದು ಫೈಲು ಕಳಿಸ್ಲಿ. ಖಾಲಿ ಇದ್ರೂ ಸಾಕು. ನಿನ್ ಪ್ರೋಗ್ರಾಮ್ ಲಿಸ್ಟ್ ನೋಡಿ ಏಳೋದು ಬೇಡ, ಖಾಲೀದು ಬಂದ್ರೆ ಮಾತ್ರ ಏಳ್ಲಿ.”

ಲೈನು ಕಡಿದರೆ ಖಾಲಿ ಫೈಲು ಬರುವುದಿಲ್ಲ, ಚೀಟಿ ಅಚ್ಚಾಗುವುದಿಲ್ಲ. ಡಿಪೋದ ರೈಟರು ಪಟ್ಟಿಯನ್ನು ಹತ್ತು ಸಲ ತೆರೆದು ಸೇವ್ ಒತ್ತಿ ಕಳಿಸಿದರೂ ಖಾಲಿ ಫೈಲು ಕದಲುವುದಿಲ್ಲ, ಚೀಟಿ ಒಂದೇ. ನನ್ನ ಎರಡು ಕೊಂಬಿಗೂ ಒಂದೇ ಪೆಟ್ಟು. ಹೆಸರು ಏನಿಡೋಣ ಎಂದೆ. ಮುಗೀತು ಅಂತ ಇಡು, ಇನ್ನೇನು ಎಂದರು. ದೊಡ್ಡ ದೊಡ್ಡ ಊರಿನ ದೊಡ್ಡ ಕಂಪ್ಯೂಟರಿನವರೂ ಇದೇ ಉಪಾಯ ಮಾಡುತ್ತಾರೆಂದು ಎಷ್ಟೋ ವರ್ಷದ ಮೇಲೆ ಓದಿ ಅವರಿಗೆ ಹೇಳಿದೆ. ಮತ್ತೆ, ಅವರಿಗೂ ಲೈನು ಕಡೀತದಲ್ಲ ಎಂದರು.

ರುಚಿ ನೋಡುವವರು ಬಂದರು, ಆ ಒಂದು ಮೂಟೆಯ ಬೀಜವನ್ನೂ ಹುರಿಸಿ ಕುಡಿದರು. ತಮ್ಮ ಊರಿಗೆ ಹಿಂದಿರುಗಿ ಅವರು ಕಳಿಸಿದ ಷರಾ ನಮ್ಮ ಸರ್ವರಿಗೆ ಬಂತು, ಹಿಂದೆಯೇ ಖಾಲಿ ಫೈಲೂ ಬಂತು, ಆಮೇಲೆಯೇ ಪ್ರಿಂಟರ್ ಎದ್ದಿತು. ಮೇಡಂ ಕಾಗದ ಪೂರ್ತಿ ಹೊರಬರುವವರೆಗೆ ಕಾದು ಹರಿದರು. ಆ ಬೆಳೆಗಾರರ ಹೆಸರಿನ ಎದುರು, ಸ್ವಚ್ಛವಾದ ರುಚಿ, ಹದವಾದ ಹುಳಿ, ಬರುವ ವರ್ಷದಿಂದ ಬೇರೆಯೇ ಇಡತಕ್ಕದ್ದು ಎಂದಿತ್ತು. ಮೇಡಂ ಕಳಸದ ಡಿಪೋಗೆ ಅವರನ್ನು ಕರೆಸಿ ಫೋನಿನಲ್ಲಿ ಓದಿದರು. ಓದಿ ಮುಗಿಸಿ ರಿಸೀವರ್ ಹಿಡಿದೇ ಕೂತರು. ಆ ಕಡೆ ಮಾತಿಲ್ಲ. ಆ ಕಡೆಯಿಂದ ಫೋನು ಇಡುವವರೆಗೆ ಇವರೂ ಇಡಲಿಲ್ಲ. ಏನಂದರು ಎಂದು ಕೇಳಿದೆ. ಎಲ್ಲಾ ಅಂದರು ಎಂದರು.

ಮುಂದೆ ಪ್ರತಿ ವರ್ಷ ಆ ದಂಪತಿಗಳಿಂದ ಮೇಡಂ ಹೆಸರಿಗೆ ಒಂದು ಪೊಟ್ಟಣ ಕಾಫಿ ಬರುತ್ತಿತ್ತು. ಅವರ ಮನೆಯ ಒಲೆಗೂ ಅದೇ ಕಾಫಿ ಏರಿತೆಂದು ಪೊಟ್ಟಣ ತಂದವರು ಹೇಳಿದರು. ಮೇಡಂ ನಿವೃತ್ತರಾದ ಮೇಲೂ ಪೊಟ್ಟಣ ಆಫೀಸಿಗೇ ಬರುವುದು, ನಾನು ವಸ್ತಾರೆಗೆ ಕೊಟ್ಟುಬರುವುದು. ಕಳೆದ ವರ್ಷ ಅವರಿಗೆ ಪಾರ್ಶ್ವವಾಯು ಬಡಿಯಿತು. ಬಲಗೈ ಬಿದ್ದುಹೋಯಿತು. ಮಾತು ಇತ್ತು, ಆದರೆ ಒಂದು ಪದಕ್ಕೂ ಇನ್ನೊಂದು ಪದಕ್ಕೂ ನಡುವೆ ಬಹಳ ಹೊತ್ತು ಹಿಡಿಯುತ್ತಿತ್ತು. ನೋಡಲು ಬಂದವರೆಲ್ಲ ಪಾಪ ಎಂದು ಅವರ ಮಾತನ್ನು ತಾವೇ ಮುಗಿಸುತ್ತಿದ್ದರು. ನೀರು ಬೇಕಾ, ಬೆನ್ನು ನೋವಾ, ಮಲಗ್ತೀರಾ. ಇಡೀ ಆಯುಷ್ಯ ಇನ್ನೊಬ್ಬರ ಮಾತು ಪೂರಾ ಆಗಲೆಂದು ಕಾದವರು ಕಣ್ಣು ಮುಚ್ಚಿ ಅದನ್ನು ಸಹಿಸುತ್ತಿದ್ದರು. ನನಗೆ ಅವರೆಲ್ಲರ ಮೇಲೆ ಕೆಟ್ಟ ಸಿಟ್ಟು ಬರುತ್ತಿತ್ತು.

ಕೊನೆಯ ಸಲ ಹೋದಾಗಲೂ ಆ ವರ್ಷದ ಪೊಟ್ಟಣ ಒಯ್ದಿದ್ದೆ. ಎಲ್ಲಿಯದೆಂದು ಹೇಳದೆ ಒಳಗೆ ಕೊಟ್ಟೆ. ಅವರ ತಮ್ಮನ ಮಗಳು ಕಾಫಿ ಮಾಡಿ ತಂದು ಎಡಗೈಗೆ ಲೋಟ ಕೊಟ್ಟಳು. ಎರಡು ಗುಟುಕು ಕುಡಿದರು.

“ಡಿಕಾಕ್ಷನ್… ತೆಳು.”

ಅಯ್ಯೋ ಅತ್ತೆ, ಬೇರೆ ಮಾಡಿ ತರ್ತೀನಿ ಎಂದು ಅವಳು ನಗುತ್ತ ಲೋಟಕ್ಕೆ ಕೈ ಹಾಕಿದಳು. ನಾನು ಅವಳ ಮಣಿಕಟ್ಟು ಹಿಡಿದೆ. ಮೇಡಂ ಲೋಟ ಬಿಟ್ಟಿರಲಿಲ್ಲ, ತುಟಿ ಅಲ್ಲಾಡುತ್ತಿತ್ತು. ನಾನು ಮೂರು ಎಣಿಸಿದೆ. ಮತ್ತೆ ಒಂದರಿಂದ ಎಣಿಸಿದೆ. ಹೊರಗೆ ರಸ್ತೆಯಲ್ಲಿ ಬಸ್ಸೊಂದು ಬಂದು ನಿಂತು ಜನ ಇಳಿದು ಹೊರಟುಹೋಯಿತು. ಆಮೇಲೆ ಅವರು ನನ್ನ ಕಡೆ ನೋಡಿದರು.

“ಆದ್ರೂ… ಅವ್ರದ್ದೇ.”